ದುಬಾರಿ ನಾಡಿನಲ್ಲಿ ಚಕ್ರದ ಮೇಲಿನ ಮನೆ

ನಾರ್ವೆ ದೇಶದ ಫಿಯಾರ್ಡುಗಳನ್ನು ಟೆಲಿವಿಷನ್ ಪರದೆಯ ಮೇಲೆ ತೋರಿಸುವುದು ಸುಲಭ. ಎರಡೂ ಕಡೆ ಕಡಿದಾದ ಬೆಟ್ಟಗಳು, ನಡುವೆ ಒಳನಾಡಿಗೆ ಚಾಚಿಕೊಂಡ ನೀಲಿ ಸಮುದ್ರ, ಅಂಚಿನ ರಸ್ತೆಯಲ್ಲಿ ನಿಧಾನವಾಗಿ ಸಾಗುವ ಒಂದು ಬಿಳಿಯ ಕ್ಯಾರವಾನ್. ನೋಡಿದವರಿಗೆ ತಾವೂ ಅದರಲ್ಲಿ ಕುಳಿತು ಹೋಗಬೇಕೆನಿಸುತ್ತದೆ. ಆದರೆ ಆ ಚಿತ್ರದಲ್ಲಿ ಕಾಣದ ಒಂದು ವಸ್ತುವಿದೆ. ಅದು ಖರ್ಚಿನ ಬಿಲ್ಲು.

ಪ್ರಪಂಚದ ಅತಿ ದುಬಾರಿ ದೇಶಗಳ ಹೆಸರು ಹೇಳುವಾಗ ಸ್ವಿಟ್ಜರ್‌ಲೆಂಡ್, ಐಸ್‌ಲೆಂಡ್‌ಗಳ ಜೊತೆಗೆ ನಾರ್ವೆಯ ಹೆಸರೂ ಬರುತ್ತದೆ. ಅಲ್ಲಿ ಸಾಧಾರಣ ಹೋಟೆಲಿನಲ್ಲಿ ಒಬ್ಬರ ರಾತ್ರಿಯ ಊಟಕ್ಕೆ 250 ಕ್ರೋನೆ ಆಗುವುದು ಸಾಮಾನ್ಯ. 2024ರಲ್ಲಿ ಒಂದು ಕ್ರೋನೆಗೆ ಸುಮಾರು 8 ರೂಪಾಯಿ ಇತ್ತು. ಅಂದರೆ ಒಂದು ಊಟಕ್ಕೆ 2,000 ರೂಪಾಯಿ! ಆದರೂ ಪ್ರತಿ ಬೇಸಿಗೆಯಲ್ಲಿ ಶಿಕ್ಷಕರು, ಕಾರ್ಮಿಕರು, ನಿವೃತ್ತರು, ಮಕ್ಕಳೊಂದಿಗರು ಎಲ್ಲರೂ ಅಲ್ಲಿ ವಾರಗಟ್ಟಲೆ ಕ್ಯಾರವಾನ್ ಪ್ರವಾಸ ಮಾಡುತ್ತಾರೆ. ಇವರೆಲ್ಲ ಕೋಟ್ಯಧೀಶರಲ್ಲ. ಹಾಗಾದರೆ ಖರ್ಚನ್ನು ಹೇಗೆ ತೂಗಿಸುತ್ತಾರೆ?

ಮಾತುಕತೆಯ ಕಾರ್ಯಕ್ರಮದಲ್ಲಿ ಅಂಕಿಗಳನ್ನು ನಿಧಾನವಾಗಿ ಬಿಡಿಸಿ ಹೇಳಲು ಸಮಯ ಸಾಲದು. ಕಾಗದ ಪೆನ್ಸಿಲು ಹಿಡಿದು ಓದುವ ವಿದ್ಯಾರ್ಥಿಗಳಿಗೆ ಈ ಪುಟಗಳು ಅನುಕೂಲ. ಇಲ್ಲಿ ಸ್ವಲ್ಪ ಅರ್ಥಶಾಸ್ತ್ರವಿದೆ, ಸ್ವಲ್ಪ ಭೌತಶಾಸ್ತ್ರವಿದೆ, ಸ್ವಲ್ಪ ನೆರೆಹೊರೆಯ ನೀತಿಯೂ ಇದೆ. ಬನ್ನಿ, ಒಂದೊಂದಾಗಿ ನೋಡೋಣ.

ಕ್ಯಾರವಾನ್ ಎಂದರೇನು?

ಕ್ಯಾರವಾನ್ ಎಂಬುದು ಪರ್ಷಿಯನ್ ಮೂಲದ ಪದ. ಮರುಭೂಮಿಯಲ್ಲಿ ಒಂಟೆಗಳ ಮೇಲೆ ಸರಕು ಹೇರಿಕೊಂಡು ಗುಂಪಾಗಿ ಸಾಗುತ್ತಿದ್ದ ವ್ಯಾಪಾರಿಗಳ ತಂಡಕ್ಕೆ ಆ ಹೆಸರಿತ್ತು. ನಮ್ಮಲ್ಲಿ ಇಂಥ ತಂಡವನ್ನು ‘ಸಾರ್ಥ’ ಎಂದೂ ಅದರ ಮುಖಂಡನನ್ನು ‘ಸಾರ್ಥವಾಹ’ ಎಂದೂ ಕರೆಯುತ್ತಿದ್ದರು. ಇಂದು ಪಾಶ್ಚಾತ್ಯ ದೇಶಗಳಲ್ಲಿ ಈ ಪದಕ್ಕೆ ಚಕ್ರದ ಮೇಲಿನ ಮನೆ ಎಂಬ ಅರ್ಥ ಬಂದಿದೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು, ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಗಾಡಿ. ಎರಡನೆಯದು, ಎಂಜಿನ್ನೂ ಮನೆಯೂ ಒಂದೇ ಆಗಿರುವ ಮೋಟಾರು ಮನೆ. ಎರಡರಲ್ಲೂ ಹಾಸಿಗೆ, ಸಣ್ಣ ಅಡುಗೆ ಒಲೆ, ನೀರಿನ ತೊಟ್ಟಿ, ಫ್ರಿಜ್ಜು, ಶೌಚಾಲಯ ಇರುತ್ತವೆ. ಬಾಡಿಗೆಗೆ ಹೆಚ್ಚಾಗಿ ಸಿಗುವುದು ಎರಡನೆಯ ಬಗೆ. ಹೊರಗಿನಿಂದ ಬರುವ ಪ್ರವಾಸಿಗಳು ಬಳಸುವುದೂ ಅದನ್ನೇ. ಈ ಲೇಖನದಲ್ಲಿ ಎರಡಕ್ಕೂ ಕ್ಯಾರವಾನ್ ಎಂದೇ ಕರೆಯೋಣ.

ಬೆಲೆ ಏಕೆ ಹೆಚ್ಚು?

ಖರ್ಚನ್ನು ಎದುರಿಸುವ ಮೊದಲು ಬೆಲೆ ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿಯಬೇಕು. ಒಂದು ಸರಳ ಉದಾಹರಣೆ ತೆಗೆದುಕೊಳ್ಳಿ. ಹುಬ್ಬಳ್ಳಿಯ ಕ್ಷೌರಿಕರೊಬ್ಬರು ಅರ್ಧ ಗಂಟೆಯಲ್ಲಿ ಒಬ್ಬರ ತಲೆಗೂದಲು ಕತ್ತರಿಸುತ್ತಾರೆ. ನಾರ್ವೆಯ ರಾಜಧಾನಿ ಓಸ್ಲೋದ ಕ್ಷೌರಿಕರಿಗೂ ಅಷ್ಟೇ ಸಮಯ ಬೇಕು. ಕತ್ತರಿ ಒಂದೇ, ಬಾಚಣಿಗೆ ಒಂದೇ, ಕೌಶಲವೂ ಹೆಚ್ಚು ಕಡಿಮೆ ಒಂದೇ. ಆದರೆ ಹುಬ್ಬಳ್ಳಿಯಲ್ಲಿ ಸುಮಾರು 100 ರೂಪಾಯಿಗೆ ಆಗುವ ಕೆಲಸಕ್ಕೆ ಓಸ್ಲೋದಲ್ಲಿ ಸುಮಾರು 500 ಕ್ರೋನೆ, ಅಂದರೆ 4,000 ರೂಪಾಯಿ ಆಗುತ್ತದೆ. 40 ಪಟ್ಟು ಹೆಚ್ಚು! ಓಸ್ಲೋದ ಕ್ಷೌರಿಕ 40 ಪಟ್ಟು ವೇಗವಾಗಿ ಕತ್ತರಿಸುವುದಿಲ್ಲ. ಹಾಗಾದರೆ ಈ ವ್ಯತ್ಯಾಸ ಏಕೆ?

ಈ ಪ್ರಶ್ನೆಗೆ 1964ರಲ್ಲಿ ಬೇಲಾ ಬಲಾಸ್ಸಾ ಮತ್ತು ಪಾಲ್ ಸ್ಯಾಮುಯೆಲ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬೇರೆ ಬೇರೆಯಾಗಿಯೇ ಉತ್ತರ ಕೊಟ್ಟರು. ಅದನ್ನು ಸರಳವಾಗಿ ಹೀಗೆ ಹೇಳಬಹುದು. ನಾರ್ವೆಯಲ್ಲಿ ತೈಲ, ಮೀನು, ಹಡಗು ಮೊದಲಾದ ಉದ್ಯಮಗಳು ಯಂತ್ರಬಲದಿಂದ ಬಹಳ ಹೆಚ್ಚು ಉತ್ಪಾದನೆ ಮಾಡುತ್ತವೆ. ಅಲ್ಲಿನ ಕೆಲಸಗಾರರಿಗೆ ದೊಡ್ಡ ಸಂಬಳ ಸಿಗುತ್ತದೆ. ಕ್ಷೌರಿಕನಿಗೂ ಅದಕ್ಕೆ ಸಮೀಪದ ಆದಾಯ ಬರದಿದ್ದರೆ ಅವನು ಕತ್ತರಿ ಕೆಳಗಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾನೆ. ಆದ್ದರಿಂದ ಕ್ಷೌರದ ಬೆಲೆಯೂ ಏರುತ್ತದೆ. ಹೋಟೆಲಿನಲ್ಲಿ ಬಡಿಸುವವರು, ಕೋಣೆ ಗುಡಿಸುವವರು, ಬಸ್ಸು ಓಡಿಸುವವರು, ಎಲ್ಲರ ವಿಷಯದಲ್ಲೂ ಹೀಗೆಯೇ.

ಸಾಮಾನು ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬಲ್ಲದು. ಓಸ್ಲೋದಲ್ಲಿ ಕ್ಯಾಮೆರಾದ ಬೆಲೆ ತೀರಾ ಹೆಚ್ಚಾದರೆ ಹೊರಗಿನಿಂದ ತರಿಸಬಹುದು. ಆದರೆ ಹುಬ್ಬಳ್ಳಿಯ ಕ್ಷೌರವನ್ನು ಪೆಟ್ಟಿಗೆಯಲ್ಲಿ ತುಂಬಿ ಓಸ್ಲೋಗೆ ಕಳಿಸಲಾಗದು. ಆದ್ದರಿಂದಲೇ ಶ್ರೀಮಂತ ದೇಶಗಳಲ್ಲಿ ಸೇವೆಗಳ ಬೆಲೆ ಸಾಮಾನುಗಳ ಬೆಲೆಗಿಂತ ಹೆಚ್ಚು ಏರಿರುತ್ತದೆ.

ನಾರ್ವೆಗೆ ಸೇರಿದ ಉತ್ತರ ಸಮುದ್ರದಲ್ಲಿ ಎಕೋಫಿಸ್ಕ್ ಎಂಬ ದೊಡ್ಡ ತೈಲನಿಕ್ಷೇಪ ಪತ್ತೆಯಾದದ್ದು 1969ರಲ್ಲಿ. ಆ ಸಂಪತ್ತು ದೇಶದ ಆದಾಯವನ್ನು ಏರಿಸಿತು. ಕಾರ್ಮಿಕ ಸಂಘಗಳೂ ಮಾಲೀಕರ ಸಂಘಗಳೂ ಕೂಡಿ ಕುಳಿತು ಸಂಬಳ ನಿರ್ಧರಿಸುವ ಪದ್ಧತಿ ಅಲ್ಲಿ ಬಲವಾಗಿದೆ. ಹೀಗಾಗಿ ಮೇಲಿನ ಹುದ್ದೆಗೂ ಕೆಳಗಿನ ಹುದ್ದೆಗೂ ಸಂಬಳದ ಅಂತರ ಕಡಿಮೆ. ಪಾತ್ರೆ ತೊಳೆಯುವವರ ಒಂದು ಗಂಟೆಗೂ ಅಲ್ಲಿ ಒಳ್ಳೆಯ ಬೆಲೆಯಿದೆ. ನಾವು ದುಬಾರಿ ಎಂದು ಕರೆಯುವುದರ ಬಹುಭಾಗ ಇದೇ.

ಇನ್ನೆರಡು ಕಾರಣಗಳಿವೆ. ಒಂದು ತೆರಿಗೆ. ನಾರ್ವೆಯಲ್ಲಿ ಮೌಲ್ಯವರ್ಧಿತ ತೆರಿಗೆ ಸಾಮಾನ್ಯವಾಗಿ ಶೇಕಡ 25. ಅಂಗಡಿಯಲ್ಲಿ ಕೊಳ್ಳುವ ಆಹಾರಕ್ಕೆ ಮಾತ್ರ ಶೇಕಡ 15. ಅದೇ ಆಹಾರವನ್ನು ಹೋಟೆಲಿನಲ್ಲಿ ಕುಳಿತು ತಿಂದರೆ ಶೇಕಡ 25. ಇನ್ನೊಂದು ಕೃಷಿ. ನಾರ್ವೆಯ ನೆಲದಲ್ಲಿ ಉಳುಮೆಗೆ ಯೋಗ್ಯವಾದದ್ದು ಶೇಕಡ 3ರಷ್ಟು ಮಾತ್ರ. ಉಳಿದದ್ದು ಬಂಡೆ, ಕಾಡು, ಹಿಮ. 1972 ಮತ್ತು 1994ರಲ್ಲಿ ನಡೆದ ಜನಮತಗಣನೆಗಳಲ್ಲಿ ಅಲ್ಲಿನ ಜನ ಐರೋಪ್ಯ ಒಕ್ಕೂಟ ಸೇರುವುದು ಬೇಡವೆಂದರು. ತಮ್ಮ ರೈತರನ್ನು ಉಳಿಸಿಕೊಳ್ಳಲು ಹೊರಗಿನ ಹಾಲು, ಗಿಣ್ಣು, ಮಾಂಸಗಳಿಗೆ ಹೆಚ್ಚಿನ ಸುಂಕ ಹಾಕುತ್ತಾರೆ. ಇದರಿಂದ ಅಲ್ಲಿನವರೇ ಸ್ವೀಡನ್ ಗಡಿಯ ಸ್ವೀನೆಸುಂಡ್ ಸೇತುವೆ ದಾಟಿ ಸ್ಟ್ರೋಮ್‌ಸ್ಟಾಡ್ ಊರಿನ ಅಂಗಡಿಗಳಲ್ಲಿ ಸಾಮಾನು ಕೊಂಡು ತರುತ್ತಾರೆ. ದುಬಾರಿ ಬೆಲೆ ಪ್ರವಾಸಿಗೆ ಮಾತ್ರ ಹಾಕಿದ ಬೆಲೆಯಲ್ಲ ಎಂಬುದಕ್ಕೆ ಇದು ಸಾಕ್ಷಿ.

ಒಂದು ಸೂತ್ರ

ಇಷ್ಟು ತಿಳಿದ ಮೇಲೆ ಒಂದು ಸೂತ್ರ ತಾನಾಗಿಯೇ ಹೊಳೆಯುತ್ತದೆ. ಇಂಥ ದೇಶದಲ್ಲಿ ದುಬಾರಿಯಾದದ್ದು ಬೇರೆಯವರ ಸಮಯ. ಅಗ್ಗವಾದದ್ದು ನಿಮ್ಮ ಸ್ವಂತ ಸಮಯ ಮತ್ತು ಎಲ್ಲರಿಗೂ ಸೇರಿದ ವಸ್ತುಗಳು. ಬೆಟ್ಟ, ಕಡಲತೀರ, ಕಾಡಿನ ಕಾಲುದಾರಿ, ನಲ್ಲಿಯ ಶುದ್ಧ ನೀರು, ಬೇಸಿಗೆಯಲ್ಲಿ ಮಧ್ಯರಾತ್ರಿಯವರೆಗೂ ಇರುವ ಬೆಳಕು, ಇವಕ್ಕೆ ಬೆಲೆಯಿಲ್ಲ.

ಕ್ಯಾರವಾನ್ ಮಾಡುವ ಕೆಲಸ ಇಷ್ಟೇ. ಬೇರೆಯವರಿಂದ ಹಣ ಕೊಟ್ಟು ಮಾಡಿಸಿಕೊಳ್ಳಬೇಕಾದ ಅಡುಗೆ, ಹಾಸಿಗೆ ಹಾಸುವುದು, ಪಾತ್ರೆ ತೊಳೆಯುವುದು, ಸಾಮಾನು ಸಾಗಿಸುವುದು ಎಲ್ಲವನ್ನೂ ನೀವೇ ಮಾಡಿಕೊಳ್ಳುವಂತೆ ಅದು ಅನುಕೂಲ ಒದಗಿಸುತ್ತದೆ. ಅದು ಹಣ ಉಳಿಸುವ ಯಂತ್ರವಲ್ಲ. ನಿಮ್ಮ ದುಡಿಮೆಯನ್ನು ಉಳಿತಾಯವಾಗಿ ಬದಲಾಯಿಸುವ ಸಲಕರಣೆ.

ಒಂದು ಮಾದರಿ ಲೆಕ್ಕ ನೋಡೋಣ. ಇಲ್ಲಿನ ಅಂಕಿಗಳು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡ ದುಂಡು ಅಂದಾಜುಗಳು. ಊರು, ತಿಂಗಳುಗಳಿಗೆ ತಕ್ಕಂತೆ ನಿಜ ದರಗಳು ಏರಿಳಿಯುತ್ತವೆ. ನಾಲ್ವರ ಕುಟುಂಬ ಹೋಟೆಲಿನಲ್ಲಿ ತಂಗಿದರೆ ಎರಡು ಕೋಣೆಗೆ 3,000 ಕ್ರೋನೆ, ಎರಡು ಹೊತ್ತಿನ ಊಟಕ್ಕೆ 1,600, ಸಣ್ಣ ಬಾಡಿಗೆ ಕಾರಿಗೆ 600, ಇಂಧನಕ್ಕೆ 180. ಒಟ್ಟು ದಿನಕ್ಕೆ 5,380 ಕ್ರೋನೆ. ಅದೇ ಕುಟುಂಬ ಕ್ಯಾರವಾನ್ ಹಿಡಿದರೆ ಬಾಡಿಗೆ 1,500, ತಂಗುದಾಣದ ಶುಲ್ಕ 400, ಅಂಗಡಿಯಿಂದ ತಂದ ಆಹಾರ 500, ಇಂಧನ 330. ಒಟ್ಟು 2,730 ಕ್ರೋನೆ. ಹೆಚ್ಚುಕಡಿಮೆ ಅರ್ಧ!

ಆದರೆ ಇಬ್ಬರೇ ಇದ್ದರೆ ಏನಾಗುತ್ತದೆ? ಹೋಟೆಲಿನ ದಾರಿಗೆ 3,080 ಕ್ರೋನೆ, ಕ್ಯಾರವಾನಿಗೆ 2,530. ಉಳಿತಾಯ ಬಹಳ ಕಡಿಮೆ. ಇಬ್ಬರು ಸಣ್ಣ ಕಾರಿನಲ್ಲಿ ಗುಡಾರ ಇಟ್ಟುಕೊಂಡು ಹೋದರೆ 1,330ಕ್ಕೆ ಮುಗಿಯುತ್ತದೆ. ಕ್ಯಾರವಾನಿನ ಬಾಡಿಗೆ ತಲೆಗಳ ಮೇಲೆ ಹಂಚಿಹೋದಾಗ ಮಾತ್ರ ಅಗ್ಗ. ಇಲ್ಲವಾದರೆ ಅದು ಮೂಗಿಗಿಂತ ಮೂಗುತಿ ಭಾರವಾದಂತೆ. ಕ್ಯಾರವಾನ್ ಎಂದಾಕ್ಷಣ ಉಳಿತಾಯ ಎಂದು ನಂಬದೆ ಮೊದಲು ಹೀಗೆ ಲೆಕ್ಕ ಹಾಕಬೇಕು.

ಅಡುಗೆಮನೆಯ ಲೆಕ್ಕ

ಪ್ರವಾಸದಲ್ಲಿ ಉಳಿತಾಯಕ್ಕೆ ಹೆಚ್ಚು ಅವಕಾಶವಿರುವುದು ಊಟದಲ್ಲಿ. ನಾರ್ವೆಯಲ್ಲಿ ರೇಮಾ 1000, ಕಿವಿ, ಕೂಪ್ ಎಕ್ಸ್‌ಟ್ರಾ ಎಂಬ ಕಡಿಮೆ ಬೆಲೆಯ ಅಂಗಡಿ ಸರಣಿಗಳಿವೆ. ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು, ಓಟ್ಸ್, ಮೊಟ್ಟೆ, ಪಾಸ್ತಾ ಇಂಥವುಗಳ ಬೆಲೆ ಹೋಟೆಲಿನ ಬೆಲೆಯಂತೆ ಬೆಚ್ಚಿಬೀಳಿಸುವುದಿಲ್ಲ. ಇವುಗಳಲ್ಲಿ ಮನುಷ್ಯರ ಸಮಯ ಕಡಿಮೆ ಬೆರೆತಿರುತ್ತದೆ. ಕತ್ತರಿಸಿ, ಬೇಯಿಸಿ, ಡಬ್ಬಿಯಲ್ಲಿ ಹಾಕಿದ ಆಹಾರಕ್ಕೆ ಬೆಲೆ ಏರುತ್ತಾ ಹೋಗುತ್ತದೆ. ಅಕ್ಕಿ, ಬೇಳೆ, ಮಸಾಲೆ ಬೇಕಾದವರು ಓಸ್ಲೋದ ಗ್ರೋನ್‌ಲಾಂಡ್ ಬಡಾವಣೆಯಲ್ಲಿ ಭಾರತ, ಪಾಕಿಸ್ತಾನ ಮೂಲದವರ ಅಂಗಡಿಗಳನ್ನು ಹುಡುಕುತ್ತಾರೆ.

ಊರಿನಿಂದಲೇ ಎಲ್ಲವನ್ನೂ ಕಟ್ಟಿಕೊಂಡು ಹೋದರಾಗದೆ ಎಂದು ನೀವು ಕೇಳಬಹುದು. ಎರಡು ಅಡ್ಡಿಗಳಿವೆ. ಒಂದು ಕಾನೂನು. ಪಶುರೋಗಗಳ ಭಯದಿಂದ ಭಾರತದಂಥ ದೇಶಗಳಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ನಾರ್ವೆಯೊಳಕ್ಕೆ ಒಯ್ಯುವಂತಿಲ್ಲ. ಆಲೂಗಡ್ಡೆಯನ್ನೂ ತರುವಂತಿಲ್ಲ. ಇನ್ನೊಂದು ತೂಕ. ಸಾಮಾನ್ಯ ಕಾರಿನ ಲೈಸೆನ್ಸಿನಲ್ಲಿ ಓಡಿಸಬಹುದಾದ ವಾಹನದ ತೂಕದ ಮಿತಿ 3,500 ಕಿಲೋಗ್ರಾಂ. ಖಾಲಿ ಕ್ಯಾರವಾನೇ 3,000 ಕಿಲೋ ಇದ್ದರೆ ಉಳಿಯುವುದು 500. ನಾಲ್ವರ ತೂಕ 260 ಎಂದಿಟ್ಟುಕೊಳ್ಳಿ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. 100 ಲೀಟರಿನ ತೊಟ್ಟಿ ತುಂಬಿಸಿದರೆ ಇನ್ನು 100 ಕಿಲೋ ಹೋಯಿತು. ಬಟ್ಟೆಬರೆ, ಪಾತ್ರೆ, ಗ್ಯಾಸು, ಆಹಾರ ಎಲ್ಲಕ್ಕೂ ಸೇರಿ ಉಳಿದದ್ದು 140. ನಾರ್ವೆಯಲ್ಲಿ ನಲ್ಲಿಯ ನೀರು ಕುಡಿಯಲು ಯೋಗ್ಯ. ಹೀಗಾಗಿ ತೊಟ್ಟಿಯನ್ನು ತುಂಬಿಸಿಕೊಂಡು ತಿರುಗುವುದಕ್ಕಿಂತ ಆಗಾಗ ಸ್ವಲ್ಪ ತುಂಬಿಸಿಕೊಳ್ಳುವುದು ಜಾಣತನ. ಬಾಟಲಿ ನೀರು ಕೊಳ್ಳುವ ಅಗತ್ಯವೇ ಇಲ್ಲ.

ಈಗ ಒಲೆಯ ವಿಷಯ. ಒಂದು ಲೀಟರ್ ನೀರನ್ನು 10 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಗೆ ಏರಿಸಲು ಸುಮಾರು 378 ಕಿಲೋಜೂಲ್ ಶಾಖ ಬೇಕು. ಒಂದು ಗ್ರಾಂ ಪ್ರೊಪೇನ್ ಅನಿಲ ಉರಿದರೆ ಸುಮಾರು 46 ಕಿಲೋಜೂಲ್ ಸಿಗುತ್ತದೆ. ಲೆಕ್ಕದ ಪ್ರಕಾರ 8 ಗ್ರಾಂ ಸಾಕು. ಆದರೆ ಒಲೆಯ ಶಾಖದಲ್ಲಿ ಅರ್ಧದಷ್ಟು ಗಾಳಿಗೆ ಹೋಗುವುದರಿಂದ 16 ಗ್ರಾಂ ಬೇಕಾಗುತ್ತದೆ. ಮುಚ್ಚಳ ಮುಚ್ಚಿದರೆ ನಷ್ಟ ಕಡಿಮೆ. ನಮ್ಮ ಮನೆಗಳ ಪ್ರೆಷರ್ ಕುಕ್ಕರಿನಲ್ಲಿ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದರಿಂದ ಬೇಳೆ ಬೇಗ ಬೇಯುತ್ತದೆ, ಒಲೆ ಉರಿಯುವ ಹೊತ್ತು ಕಡಿಮೆಯಾಗುತ್ತದೆ. ಕ್ಯಾರವಾನಿನ ಪುಟ್ಟ ಅಡುಗೆಮನೆಗೆ ಇದಕ್ಕಿಂತ ಒಳ್ಳೆಯ ಪಾತ್ರೆ ಬೇರೆಯಿಲ್ಲ.

ಅನಿಲವನ್ನು ಆರಿಸುವಾಗಲೂ ವಿಜ್ಞಾನ ಬೇಕು. ಬ್ಯೂಟೇನ್ ಸೊನ್ನೆ ಡಿಗ್ರಿಗಿಂತ ಸ್ವಲ್ಪ ಕೆಳಗೆ ಕುದಿಯುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲಿ ಕುದಿಯುತ್ತದೆ. ಬೆಟ್ಟದ ಮೇಲಿನ ಚಳಿರಾತ್ರಿಯಲ್ಲಿ ಬ್ಯೂಟೇನ್ ದ್ರವವಾಗಿಯೇ ಉಳಿದು ಒಲೆಗೆ ಬರುವುದಿಲ್ಲ. ಹೀಗಾಗಿ ಉತ್ತರದ ದೇಶಗಳಲ್ಲಿ ಪ್ರೊಪೇನನ್ನೇ ಬಳಸುತ್ತಾರೆ. ಸಿಲಿಂಡರಿನ ಬಾಯಿಯ ಅಳತೆ ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ಹೊರಗಿನಿಂದ ವಾಹನ ತರುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳುತ್ತಾರೆ.

ಇನ್ನೆರಡು ಸಣ್ಣ ಸಂಗತಿಗಳು. ನಾರ್ವೆಯಲ್ಲಿ ದೊಡ್ಡ ಅಂಗಡಿಗಳು ಸಾಮಾನ್ಯವಾಗಿ ಭಾನುವಾರ ಮುಚ್ಚಿರುತ್ತವೆ. ಶನಿವಾರವೇ ಕೊಂಡಿಡದವರು ಮರುದಿನ ಪೆಟ್ರೋಲ್ ಬಂಕಿನ ದುಬಾರಿ ತಿಂಡಿಗೆ ಕೈಯೊಡ್ಡಬೇಕಾಗುತ್ತದೆ. ಇನ್ನೊಂದು, ತಂಪು ಪಾನೀಯದ ಬಾಟಲಿ, ಡಬ್ಬಿಗಳಿಗೆ ಠೇವಣಿ. 2018ರಿಂದ ಸಣ್ಣದಕ್ಕೆ 2 ಕ್ರೋನೆ, ದೊಡ್ಡದಕ್ಕೆ 3 ಕ್ರೋನೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಹಣ ಮರಳಿ ಬರುತ್ತದೆ. ಹನಿಗೂಡಿದರೆ ಹಳ್ಳ.

ದಾರಿಯ ಖರ್ಚು

ನಾರ್ವೆ ಕರ್ನಾಟಕಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ದೊಡ್ಡದು. ಜನಸಂಖ್ಯೆ ಸುಮಾರು 55 ಲಕ್ಷ ಮಾತ್ರ. ಓಸ್ಲೋದಿಂದ ಉತ್ತರದ ಲೋಫೋಟೆನ್ ದ್ವೀಪಗಳಿಗೆ ರಸ್ತೆಯಲ್ಲಿ 1,000 ಕಿಲೋಮೀಟರಿಗೂ ಹೆಚ್ಚು ದೂರ. ತೈಲ ತೆಗೆಯುವ ದೇಶವಾದರೂ ಅಲ್ಲಿ ಡೀಸೆಲ್ ಅಗ್ಗವಲ್ಲ. ತೆರಿಗೆ ಸೇರಿ 2024ರಲ್ಲಿ ಲೀಟರಿಗೆ 20 ಕ್ರೋನೆಯ ಆಸುಪಾಸಿನಲ್ಲಿತ್ತು. ಕ್ಯಾರವಾನ್ 100 ಕಿಲೋಮೀಟರಿಗೆ 11 ಲೀಟರ್ ಕುಡಿದರೆ 220 ಕ್ರೋನೆ. ಎಲ್ಲವನ್ನೂ ನೋಡಬೇಕೆಂದು ಓಡುವವರಿಗೆ ಇಂಧನವೇ ಊಟಕ್ಕಿಂತ ದೊಡ್ಡ ಖರ್ಚಾಗುತ್ತದೆ. ಒಂದೇ ಕಣಿವೆಯಲ್ಲಿ ನಾಲ್ಕು ದಿನ ಇದ್ದು ನಡೆದಾಡುವವರಿಗೆ ಖರ್ಚೂ ಕಡಿಮೆ, ನೋಡುವುದೂ ಹೆಚ್ಚು.

ವೇಗವೂ ಹಣವೇ. ಕ್ಯಾರವಾನಿನ ಮುಖ ಗೋಡೆಯಂತೆ ಅಗಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಏರಿದರೆ ವೇಗ ಹೆಚ್ಚಿದ್ದು ಕಾಲುಪಾಲು, ಗಾಳಿಯ ತಡೆ ಹೆಚ್ಚಿದ್ದು ಅರ್ಧಕ್ಕಿಂತಲೂ ಅಧಿಕ. ಅಲ್ಲಿ ಊರ ಹೊರಗಿನ ಸಾಮಾನ್ಯ ವೇಗಮಿತಿ 80. ಅದನ್ನು ಮೀರಿದರೆ ಸಾವಿರಾರು ಕ್ರೋನೆ ದಂಡ. ಹೀಗಾಗಿ ಕಾನೂನು ಪಾಲಿಸುವುದೂ ಉಳಿತಾಯವೂ ಇಲ್ಲಿ ಒಂದೇ ಆಗಿವೆ.

ರಸ್ತೆ ಸುಂಕ ವಸೂಲಿಗೆ ಗೇಟು ಇರುವುದಿಲ್ಲ. ಕ್ಯಾಮೆರಾ ವಾಹನದ ನಂಬರನ್ನು ಓದುತ್ತದೆ, ಬಿಲ್ಲು ಆಮೇಲೆ ಬರುತ್ತದೆ. ಯಾರೂ ತಡೆಯಲಿಲ್ಲವೆಂದು ಉಚಿತವೆಂದು ಭಾವಿಸುವಂತಿಲ್ಲ. ಹಾಗೆಂದು ಎಲ್ಲ ದಾರಿಗೂ ಸುಂಕವಿಲ್ಲ. 2000ದಲ್ಲಿ ತೆರೆದ, ಪ್ರಪಂಚದಲ್ಲೇ ಅತಿ ಉದ್ದವಾದ 24.5 ಕಿಲೋಮೀಟರಿನ ಲಾರ್ಡಾಲ್ ರಸ್ತೆ ಸುರಂಗದಲ್ಲಿ ಸುಂಕ ಕೊಡದೆ ಹೋಗಬಹುದು.

ಫಿಯಾರ್ಡುಗಳನ್ನು ದಾಟಲು ವಾಹನ ಸಾಗಿಸುವ ದೋಣಿಗಳಿವೆ. ಶುಲ್ಕ ವಾಹನದ ಉದ್ದಕ್ಕೆ ತಕ್ಕಂತೆ. ಬಾಡಿಗೆಗೆ ಹಿಡಿಯುವಾಗಲೇ ಒಂದು ಮೀಟರ್ ಚಿಕ್ಕದನ್ನು ಆರಿಸಿದರೆ ದಾರಿಯುದ್ದಕ್ಕೂ ಲಾಭ. 2022ರಿಂದ ಜನಸಂಚಾರ ಕಡಿಮೆಯಿರುವ ಕೆಲವು ದೋಣಿಮಾರ್ಗಗಳನ್ನು ಉಚಿತಗೊಳಿಸಲಾಯಿತು. ಸೋಗ್ನೆ ಫಿಯಾರ್ಡಿನಲ್ಲಿ 2015ರಲ್ಲಿ ಸಂಚಾರ ಆರಂಭಿಸಿದ ‘ಆಂಪೇರ್’ ಎಂಬ ವಾಹನ ದೋಣಿ ಬ್ಯಾಟರಿಯಿಂದಲೇ ಓಡುತ್ತದೆ. ವಿದ್ಯುತ್ ಪ್ರವಾಹದ ಏಕಮಾನವೇ ಅದರ ಹೆಸರು. ಆ ದೇಶದ ವಿದ್ಯುತ್ತಿನ ಬಹುಪಾಲು ಜಲಶಕ್ತಿಯಿಂದ ಬರುತ್ತದೆ.

ರಾತ್ರಿ ಎಲ್ಲಿ?

ಇನ್ನು ತಂಗುವ ಮಾತು. ನಾರ್ವೆಯಲ್ಲಿ ಹಿಂದಿನಿಂದ ಬಂದ ಒಂದು ಹಕ್ಕಿದೆ. ಅದರ ಹೆಸರು ‘ಆಲೆಮಾನ್ಸ್‌ರೆಟ್’, ಅಂದರೆ ಎಲ್ಲರ ಹಕ್ಕು. ಉಳುಮೆ ಮಾಡದ ಕಾಡು, ಬೆಟ್ಟ, ತೀರಗಳಲ್ಲಿ ಯಾರದೇ ಜಮೀನಾದರೂ ಯಾರು ಬೇಕಾದರೂ ನಡೆಯಬಹುದು, ಗುಡಾರ ಹಾಕಿ ಮಲಗಬಹುದು. 1957ರಲ್ಲಿ ಇದನ್ನು ಕಾನೂನಾಗಿ ಬರೆದರು. ಗುಡಾರ ವಾಸದ ಮನೆಯಿಂದ ಕನಿಷ್ಠ 150 ಮೀಟರ್ ದೂರವಿರಬೇಕು. ಮಾಲೀಕನ ಅನುಮತಿಯಿಲ್ಲದೆ ಒಂದೇ ಕಡೆ ಎರಡು ದಿನಕ್ಕಿಂತ ಹೆಚ್ಚು ಇರಬಾರದು. ದೂರದ ಬೆಟ್ಟಗಳಲ್ಲಿ ಈ ದಿನಗಳ ಮಿತಿ ಸಡಿಲ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ, ಕಾಡಿನ ಹತ್ತಿರ ಬೆಂಕಿ ಹಾಕುವಂತಿಲ್ಲ. ಸಮುದ್ರದಲ್ಲಿ ಗಾಳ ಹಾಕಿ ಮನೆಮಟ್ಟಿಗೆ ಮೀನು ಹಿಡಿಯಲು ಲೈಸೆನ್ಸು ಬೇಡ. ನದಿ, ಕೆರೆಗಳಿಗಾದರೆ ಚೀಟಿ ಕೊಳ್ಳಬೇಕು.

ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಈ ಹಕ್ಕು ಕಾಲುಗಳಿಗೆ ಸೇರಿದ್ದು, ಚಕ್ರಗಳಿಗಲ್ಲ. ರಸ್ತೆ ಬಿಟ್ಟು ಹುಲ್ಲುಗಾವಲಿಗೆ ವಾಹನ ಇಳಿಸುವುದು ನಿಷಿದ್ಧ. ಮೋಟಾರು ವಾಹನಗಳಿಗೆಂದು 1977ರ ಬೇರೆ ಕಾನೂನೇ ಇದೆ. ನಿಷೇಧದ ಫಲಕವಿಲ್ಲದ ರಸ್ತೆಬದಿಯ ತಾಣದಲ್ಲಿ ಕ್ಯಾರವಾನ್ ನಿಲ್ಲಿಸಿ ವಿಶ್ರಮಿಸಬಹುದು. ಉಳಿದ ರಾತ್ರಿಗಳಿಗೆ ತಂಗುದಾಣಗಳಿವೆ. ಅಲ್ಲಿ ವಿದ್ಯುತ್ತು, ಸ್ನಾನ, ಅಡುಗೆಕೋಣೆ, ಬಟ್ಟೆ ಒಗೆಯುವ ಯಂತ್ರ ಎಲ್ಲ ಸಿಗುತ್ತವೆ. ಎರಡು ರಾತ್ರಿ ಸರಳ ತಾಣ, ಮೂರನೆಯ ರಾತ್ರಿ ತಂಗುದಾಣ ಎಂದು ಹಲವರು ಹಂಚಿಕೊಳ್ಳುತ್ತಾರೆ. ಅಷ್ಟರಲ್ಲಿ ನೀರು ತುಂಬಿಸಿಕೊಂಡು, ಶೌಚದ ತೊಟ್ಟಿ ಖಾಲಿ ಮಾಡಿ, ಬ್ಯಾಟರಿ ತುಂಬಿಸಿಕೊಳ್ಳುತ್ತಾರೆ.

ಉಳಿತಾಯವೋ, ವರ್ಗಾವಣೆಯೋ?

ಈಗ ಒಂದು ಕಠಿಣ ಪ್ರಶ್ನೆ. ಒಬ್ಬ ಪ್ರವಾಸಿ ತಂಗುದಾಣದ 400 ಕ್ರೋನೆ ಉಳಿಸಲು ಹಳ್ಳಿಯ ಚರ್ಚಿನ ಅಂಗಳದಲ್ಲಿ ವಾಹನ ನಿಲ್ಲಿಸುತ್ತಾನೆ. ಕಸವನ್ನು ಪೊದೆಯಲ್ಲಿ ಎಸೆಯುತ್ತಾನೆ. ಶೌಚದ ತೊಟ್ಟಿಯನ್ನು ತೊರೆಯ ಬಳಿ ಸುರಿಯುತ್ತಾನೆ. ಅವನ ಜೇಬಿನಲ್ಲಿ 400 ಕ್ರೋನೆ ಉಳಿಯಿತು. ಆದರೆ ಆ ಖರ್ಚು ಇಲ್ಲವಾಯಿತೇ? ಇಲ್ಲ. ಮರುದಿನ ಹಳ್ಳಿಯವರು ಗುಡಿಸಬೇಕು, ಪಂಚಾಯಿತಿ ಹಣ ಕೊಟ್ಟು ಸ್ವಚ್ಛ ಮಾಡಿಸಬೇಕು. ಮನುಷ್ಯರ ಸಮಯ ದುಬಾರಿಯಾದ ದೇಶದಲ್ಲಿ ಈ ಗುಡಿಸುವ ಕೆಲಸವೂ ದುಬಾರಿ. ಇದು ಉಳಿತಾಯವಲ್ಲ, ಖರ್ಚಿನ ವರ್ಗಾವಣೆ.

ಇದರ ಪರಿಣಾಮ ಕಣ್ಣೆದುರಿಗಿದೆ. ಲೋಫೋಟೆನ್ ದ್ವೀಪಗಳಲ್ಲಿ ರಸ್ತೆಗಳು ಕಿರಿದು, ಸಮತಟ್ಟಾದ ನೆಲ ಕಡಿಮೆ, ಬೇಸಿಗೆಯಲ್ಲಿ ಬರುವ ವಾಹನಗಳು ಬಹಳ. ಒಂದು ಕಾಲದಲ್ಲಿ ಯಾರೂ ಬೇಡವೆನ್ನದ ಅನೇಕ ಕಡೆ ರಾತ್ರಿ ನಿಲ್ಲಿಸಬಾರದೆಂಬ ಫಲಕಗಳು ಬಂದಿವೆ. ಪ್ರವಾಸಿಗಳು ಹೆಚ್ಚಾಗಿ ಬರುವ ಊರುಗಳು ತಂಗುವ ದರದ ಮೇಲೆ ಶೇಕಡ 3ರಷ್ಟು ಶುಲ್ಕ ವಿಧಿಸಲು ಅವಕಾಶ ನೀಡುವ ಕಾನೂನನ್ನು ನಾರ್ವೆಯ ಪಾರ್ಲಿಮೆಂಟು 2025ರಲ್ಲಿ ಅಂಗೀಕರಿಸಿತು. ಎಲ್ಲರ ಹಕ್ಕು ಉಳಿಯುವುದು ಎಲ್ಲರ ಸಂಯಮದಿಂದ. ಒಬ್ಬನ ಅಗ್ಗದ ರಾತ್ರಿ ಮುಂದಿನ ಸಾವಿರ ಜನರ ರಾತ್ರಿಯನ್ನು ಕಸಿದುಕೊಳ್ಳಬಹುದು.

ಆದ್ದರಿಂದ ಖರ್ಚು ಕಡಿಮೆ ಮಾಡುವ ಪ್ರತಿಯೊಂದು ಉಪಾಯಕ್ಕೂ ಒಂದು ಪರೀಕ್ಷೆ ಇಟ್ಟುಕೊಳ್ಳಬೇಕು. ಈ ಕೆಲಸವನ್ನು ನಾನು ಮಾಡಿಕೊಂಡೆನೋ, ಅಥವಾ ಯಾರದೋ ತಲೆಗೆ ಕಟ್ಟಿದೆನೋ? ಅಡುಗೆ ಮಾಡಿಕೊಂಡರೆ ಮೊದಲನೆಯದು. ತೊರೆಗೆ ಸುರಿದರೆ ಎರಡನೆಯದು.

ನಮಗೇಕೆ ಈ ಲೆಕ್ಕ?

ನಮ್ಮ ಓದುಗರಲ್ಲಿ ಬಹಳ ಜನ ನಾರ್ವೆಗೆ ಕ್ಯಾರವಾನ್ ಪ್ರವಾಸ ಹೋಗದಿರಬಹುದು. ಆದರೆ ಓದಲು, ದುಡಿಯಲು ಹೊರದೇಶಕ್ಕೆ ಹೋಗುವವರು ಇದ್ದಾರೆ. ಐರೋಪ್ಯ ದೇಶಗಳ ಹೊರಗಿನಿಂದ ಬರುವ ಹೊಸ ವಿದ್ಯಾರ್ಥಿಗಳಿಗೆ 2023ರಿಂದ ನಾರ್ವೆಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೂ ಬೋಧನಾ ಶುಲ್ಕ ಬಂದಿದೆ. ಅಂಥವರಿಗೆ ಈ ಸೂತ್ರ ಮೊದಲ ತಿಂಗಳಲ್ಲೇ ಬೇಕಾಗುತ್ತದೆ. ಪ್ರತಿ ಬೆಲೆಯನ್ನೂ 8ರಿಂದ ಗುಣಿಸಿ ಗಾಬರಿಯಾಗುವುದರಿಂದ ಪ್ರಯೋಜನವಿಲ್ಲ. ಈ ಬೆಲೆಯಲ್ಲಿ ಸಾಮಾನು ಎಷ್ಟು, ತೆರಿಗೆ ಎಷ್ಟು, ಮನುಷ್ಯರ ಸಮಯ ಎಷ್ಟು ಎಂದು ಕೇಳಿಕೊಳ್ಳಬೇಕು. ಮನುಷ್ಯರ ಸಮಯ ಹೆಚ್ಚಿರುವಲ್ಲಿ ಸ್ವಂತ ಕೈ ಹಾಕಬೇಕು.

ಇದೇ ಪ್ರಶ್ನೆಯನ್ನು ತಿರುಗಿಸಿ ನಮ್ಮ ಊರಿನಲ್ಲೂ ಕೇಳಬಹುದು. ನಾರ್ವೆಯ ಪ್ರವಾಸಿಯೊಬ್ಬರು ಹಂಪಿಗೆ ಬಂದರೆ ಅವರಿಗೆ ಎಲ್ಲವೂ ಅಗ್ಗವೆನಿಸುತ್ತದೆ. ಊಟ ಅಗ್ಗ, ಆಟೋ ಅಗ್ಗ, ಬಟ್ಟೆ ಒಗೆಸುವುದು ಅಗ್ಗ. ಆ ಅಗ್ಗದಲ್ಲಿ ಅಕ್ಕಿ, ತರಕಾರಿಗಳ ಪಾಲು ಸ್ವಲ್ಪ. ಬಡಿಸಿದವರ, ಓಡಿಸಿದವರ, ಒಗೆದವರ ಗಂಟೆಗಳ ಪಾಲು ದೊಡ್ಡದು. ಅಲ್ಲಿ ದುಬಾರಿ ಎಂದು ನಾವು ದೂರುವುದೂ, ಇಲ್ಲಿ ಅಗ್ಗ ಎಂದು ಅವರು ಮೆಚ್ಚುವುದೂ ಒಂದೇ ವಸ್ತುವನ್ನು. ಅದು ಒಬ್ಬ ಮನುಷ್ಯನ ಒಂದು ಗಂಟೆ.

ನೀವೇ ಲೆಕ್ಕ ಹಾಕಿ

1. ಕ್ಯಾರವಾನಿನ ಬ್ಯಾಟರಿ 12 ವೋಲ್ಟ್, 100 ಆಂಪೇರ್-ಗಂಟೆ. ಅದರಲ್ಲಿ ಅರ್ಧವನ್ನಷ್ಟೇ ಬಳಸಬಹುದಾದರೆ 20 ವಾಟಿನ ದೀಪ ಎಷ್ಟು ಗಂಟೆ ಉರಿದೀತು?

2. ಮೇಲಿನ ಮಾದರಿ ಲೆಕ್ಕದಲ್ಲಿ ಮೂವರು ಪ್ರವಾಸಿಗಳಿದ್ದರೆ ಹೋಟೆಲು, ಕ್ಯಾರವಾನ್ ಎರಡರಲ್ಲಿ ಯಾವುದು ಎಷ್ಟು ಅಗ್ಗ? ಹೋಟೆಲಿನಲ್ಲಿ ಮೂವರೂ ಒಂದೇ ಕೋಣೆಯಲ್ಲಿ ಉಳಿದರೆ ಉತ್ತರ ಬದಲಾಗುತ್ತದೆಯೇ?

3. ನಿಮ್ಮ ಊರಿನ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಯ ಬೆಲೆ ಕೇಳಿ ತಿಳಿಯಿರಿ. ಅದೇ ದೋಸೆಗೆ ಮನೆಯಲ್ಲಿ ಅಕ್ಕಿ, ಉದ್ದು, ಆಲೂಗಡ್ಡೆ, ಎಣ್ಣೆ, ಗ್ಯಾಸಿಗೆ ಎಷ್ಟಾಗುತ್ತದೆ? ಉಳಿದ ಹಣ ಯಾರಿಗೆ, ಯಾವುದಕ್ಕೆ ಹೋಗುತ್ತದೆ ಎಂದು ಪಟ್ಟಿ ಮಾಡಿ.